ಟರ್ಕಿಗೆ ಹೋಗುವವರು ಓದಿ: ಎಫೆಸಸ್ ಗೇಟಿನ ಹತ್ತಿರ ರೋಮನ್ ನಾಣ್ಯ ಕೊಳ್ಳಬೇಡಿ

ಪುರಾತನ ಪಾಳು ನಗರ ಎಫೆಸಸ್ ನೋಡಿಕೊಂಡು ಕೆಳಗಿನ ಗೇಟಿನಿಂದ ಹೊರಗೆ ಬಂದರೆ ಸಾಕು, ಒಬ್ಬ ಮೆಲ್ಲಗೆ ಪಕ್ಕಕ್ಕೆ ಬರುತ್ತಾನೆ. ಜೇಬಿನಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚುತ್ತಾನೆ. 'ಹೊಲ ಉಳುವಾಗ ಸಿಕ್ಕಿದ್ದು, ರೋಮನ್ನರ ಕಾಲದ್ದು' ಅನ್ನುತ್ತಾನೆ. ನಮ್ಮ ಭಾವ ಅಲ್ಲೇ ಕರಗಿಹೋದರು. 150 ಯೂರೋದಿಂದ ಶುರುವಾದ ಚೌಕಾಸಿ 50ಕ್ಕೆ ನಿಂತಿತು. 'ಬೇಡ ಭಾವ' ಅಂದರೆ, 'ಸುಮ್ನಿರೋ, ನಿನ್ನದೊಂದು ರಗಳೆ' ಅಂದರು.

ನಾಣ್ಯವೇನೋ ನೋಡೋಕೆ ಚೆನ್ನಾಗಿತ್ತು. ನಮ್ಮ ಹಳೇ ಒಂದು ರೂಪಾಯಿಗಿಂತ ದೊಡ್ಡದು. ಒಂದು ಕಡೆ ದಪ್ಪ ಕತ್ತಿನ ವೆಸ್ಪೇಸಿಯನ್ ಚಕ್ರವರ್ತಿ. ಇನ್ನೊಂದು ಕಡೆ ನಡುವೆ ಖರ್ಜೂರದ ಮರ, ಎಡಕ್ಕೆ ಈಟಿ ಹಿಡಿದು ನಿಂತ ಚಕ್ರವರ್ತಿ, ಬಲಕ್ಕೆ ಮರದ ಬುಡದಲ್ಲಿ ತಲೆಗೆ ಕೈ ಕೊಟ್ಟು ಕೂತು ಅಳುವ ಹೆಂಗಸು. ಆಕೆಯೇ ಸೋತ ಜುಡೇಯಾ, ಅಂದರೆ ಜೆರುಸಲೇಮ್ ಇದ್ದ ಯಹೂದಿಗಳ ನಾಡು. ಕ್ರಿ.ಶ. 70ರಲ್ಲಿ ಜೆರುಸಲೇಮ್ ಬಿತ್ತು, ಮರುವರ್ಷವೇ ರೋಮ್ ಈ ನಾಣ್ಯ ಹೊರಡಿಸಿತು. ಗೆದ್ದವರ ಜಂಬ ಎಷ್ಟಿತ್ತು ನೋಡಿ. ಬೈಬಲ್ ಕಾಲದ ನೆನಪು ಅಂತ ಇದಕ್ಕೆ ಗಿರಾಕಿಗಳು ಜಾಸ್ತಿ, ಹಾಗಾಗಿ ನಕಲಿಯೂ ಜಾಸ್ತಿ. ರೋಮನ್ ನಾಣ್ಯದ ನಕಲು ಇವತ್ತಿನ ಕಸುಬೇನಲ್ಲ. 16ನೇ ಶತಮಾನದಲ್ಲೇ ಇಟಲಿಯ ಪಾಡುವಾದಲ್ಲಿ ಜೊವಾನ್ನಿ ದ ಕವಿನೊ ಎಂಬಾತ ಇಂಥ ದೊಡ್ಡ ನಾಣ್ಯಗಳನ್ನು ಹೋಲುವಂತೆ ಸೊಗಸಾಗಿ ಮಾಡುತ್ತಿದ್ದ. ಭಾವನ ಕೈಗೆ ಬಂದದ್ದು ಅಷ್ಟು ನಾಜೂಕಿನದಲ್ಲ.

ಹೋಟೆಲಿನ ದೀಪದ ಕೆಳಗೆ ಹಿಡಿದರೆ ಅಂಚಿನ ಸುತ್ತ ಸಣ್ಣ ಗೆರೆ. ಚಕ್ರವರ್ತಿಯ ಕೆನ್ನೆ ಮೇಲೆ ಸೂಜಿಮೊನೆಯಷ್ಟು ಗುಳಿಗಳು. ರೋಮನ್ನರು ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ಮಧ್ಯೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆ ಗೆರೆ, ಆ ಗುಳಿಗಳು ಎರಕ ಹೊಯ್ದದ್ದರ ಗುರುತು. ಅಕ್ಕನ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಒರೆಸಿದೆ. ಸಾವಿರಾರು ವರ್ಷದ ಹಸಿರು ಕಿಲುಬು ಹತ್ತಿಗೆ ಬಂತು! ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಅದೇ ನಾಣ್ಯ ತೋರಿಸಿದ. ಅಂಚಿನ ಸೀಳು ಕೂಡ ಅದೇ ಜಾಗದಲ್ಲಿ. ಕೈಯಿಂದ ಹೊಡೆದ ಎರಡು ನಾಣ್ಯ ಒಂದೇ ಕಡೆ, ಒಂದೇ ಥರ ಸೀಳುತ್ತವಾ?

ನಿಜವಾದ ಫಜೀತಿ ಆದದ್ದು ಇಜ್ಮಿರ್ ವಿಮಾನ ನಿಲ್ದಾಣದಲ್ಲಿ. ಟರ್ಕಿಯಲ್ಲಿ 1983ರ 2863ನೇ ಕಾನೂನಿನ ಪ್ರಕಾರ ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ಜೈಲೂ ಆಗಬಹುದು. ಸ್ಕ್ಯಾನರಿನಲ್ಲಿ ನಾಣ್ಯ ಕಂಡಿತು, ಬ್ಯಾಗ್ ಬಿಚ್ಚಿಸಿದರು. ಅಲ್ಲಿಯವರೆಗೆ 'ಅಪ್ಪಟ ಅಸಲಿ' ಅಂತ ವಾದಿಸುತ್ತಿದ್ದ ಭಾವ ಈಗ 'ಇದು ನಕಲಿ ಸರ್, ದೇವರಾಣೆಗೂ ನಕಲಿ' ಅಂತ ಕೈಮುಗಿಯುತ್ತಿದ್ದಾರೆ! ಅಧಿಕಾರಿಗಳು ಕೇಳಬೇಕಲ್ಲ. ತಿಳಿದವರೊಬ್ಬರು ಬಂದು ನೋಡಿ ನಕ್ಕು 'ನಕಲಿ, ವಾಪಸ್ ಕೊಟ್ಟುಬಿಡಿ' ಅನ್ನುವಷ್ಟರಲ್ಲಿ ನಮ್ಮ ವಿಮಾನ ಹೋಗಿತ್ತು. ಮನೆಮಂದಿಗೆಲ್ಲ ಹೊಸ ಟಿಕೆಟ್.

ಯಾರಾದರೂ ಹೀಗೆ ತೋರಿಸಿದರೆ ಕೈಗೇ ತೆಗೆದುಕೊಳ್ಳಬೇಡಿ, ನಡೆದುಬಿಡಿ. ಹಳೇ ವಸ್ತು ನೋಡುವ ಆಸೆ ಇದ್ದರೆ ಪಕ್ಕದ ಸೆಲ್ಚುಕ್ ಊರಿನಲ್ಲೇ ಎಫೆಸಸ್ ಮ್ಯೂಸಿಯಂ ಇದೆ. ನೆನಪಿಗೆ ಏನಾದರೂ ಬೇಕೇಬೇಕು ಅಂದರೆ ಅಂಗಡಿಯಲ್ಲಿ ನಕಲಿ ಅಂತ ಹೇಳಿಯೇ ಮಾರುವುದನ್ನು ಕೊಳ್ಳಿ. ಬಿಲ್ ಕೇಳಿ ಪಡೆದು, ವಿಮಾನ ಹತ್ತುವ ತನಕ ಕೈಚೀಲದಲ್ಲೇ ಇಟ್ಟುಕೊಳ್ಳಿ.