ಜಿಲಿಬ್‌ನ ಹಂಚಿಕೆಯ ಸ್ಟ್ರಿಂಗ್‌ಗಳು: ಕನ್ನಡ ಹೆಸರುಗಳೊಂದಿಗೆ ಬಳಸಿ ನೋಡಿದ ಮೇಲೆ

ಮಂಡ್ಯ ಸೀಮೆಯ ಕಬ್ಬಿನ ತೂಕದ ಲೆಕ್ಕ ಇಡುವ ಪ್ರೋಗ್ರಾಂನಲ್ಲಿ ಕೆಲವೇ ಹೆಸರುಗಳು ಸಾವಿರಾರು ಬಾರಿ ಬರುತ್ತವೆ: ಮದ್ದೂರು, ಮಳವಳ್ಳಿ, ಪಾಂಡವಪುರ, ಕೋ 86032 ಎಂಬ ತಳಿ. ‘ಮದ್ದೂರು’ ನೋಡುವುದಕ್ಕೆ ಚಿಕ್ಕ ಹೆಸರಾದರೂ ಯುನಿಕೋಡ್‌ನಲ್ಲಿ ಅದು 7 ಸಂಕೇತಗಳ ಸಾಲು. ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್ ಬೇಕು, ಸ್ಟ್ರಿಂಗ್ (ಪಠ್ಯದ ಸಾಲು) ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆಯೂ ಸೇರಿದರೆ 22 ಬೈಟ್. ಪ್ರತಿ ತೂಕದ ಚೀಟಿಗೂ ಇದರ ಹೊಸ ಪ್ರತಿ ಮಾಡಿಡುವುದು ಮೆಮೊರಿಯ ದುಂದು. ಮೈಸೂರಿನಲ್ಲಿ ಕುಳಿತು ಸಿ ಭಾಷೆಯಲ್ಲಿ ಇಂಥ ಪ್ರೋಗ್ರಾಂ ನೋಡಿಕೊಳ್ಳುವ ನಾನು ಈ ಕೆಲಸಕ್ಕೆ ಸಿದ್ಧ ಫಂಕ್ಷನ್‌ಗಳ ಸಂಗ್ರಹವಾದ ಜಿಲಿಬ್ (GLib) ಲೈಬ್ರರಿಯನ್ನು ನೆಚ್ಚಿಕೊಂಡಿದ್ದೇನೆ. ಒಳ್ಳೆಯ ಸಾಧನವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಆದರೆ ಅದರಲ್ಲಿರುವ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಸ್ಟ್ರಿಂಗ್ ಎಷ್ಟು ಕಾಲ ಬದುಕಿರಬೇಕು ಎಂಬುದರ ಮೇಲೆ ನಿಂತಿದೆ.

ಮೊದಲನೆಯದು 2.10ನೇ ಆವೃತ್ತಿಯಿಂದ ಇರುವ ಜಿ_ಇಂಟರ್ನ್_ಸ್ಟ್ರಿಂಗ್. ಒಂದೇ ಪಠ್ಯವನ್ನು ಎಷ್ಟು ಸಲ ಕೊಟ್ಟರೂ ಅದು ಒಂದೇ ಪಾಯಿಂಟರ್ (ಮೆಮೊರಿಯಲ್ಲಿನ ವಿಳಾಸ) ಹಿಂದಿರುಗಿಸುವುದರಿಂದ, ಎರಡು ಹೆಸರುಗಳು ಒಂದೇ ಹೌದೋ ಅಲ್ಲವೋ ಎಂದು ತಿಳಿಯಲು ಬೈಟ್ ಬೈಟ್ ಹೋಲಿಸುವ ಸ್ಟ್ರ್‌ಕಂಪ್ ಕರೆಯುವ ಅಗತ್ಯವಿಲ್ಲ, ಪಾಯಿಂಟರ್‌ಗಳನ್ನು ಹೋಲಿಸಿದರೆ ಸಾಕು. ಆದರೆ ಇದರ ಕೋಷ್ಟಕದ ಒಳಹೊಕ್ಕ ಸ್ಟ್ರಿಂಗ್ ಪ್ರೋಗ್ರಾಂ ಮುಗಿಯುವವರೆಗೂ ಹೊರಬರುವುದಿಲ್ಲ. ತಾಲ್ಲೂಕುಗಳ ಪಟ್ಟಿಯಂಥ ಸೀಮಿತ ಹೆಸರುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಹಗಲೂ ರಾತ್ರಿ ನಡೆಯುವ ಸರ್ವರ್‌ನಲ್ಲಿ, ಜನ ಟೈಪ್ ಮಾಡಿದ್ದನ್ನೆಲ್ಲ ಇದಕ್ಕೆ ಕೊಡುವುದು ಮಾತ್ರ ಸಲ್ಲದು. ಪ್ರತಿಯೊಂದು ಕಾಗುಣಿತದ ತಪ್ಪೂ ಅಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಎರಡನೆಯದಾದ ಜಿಸ್ಟ್ರಿಂಗ್‌ಚಂಕ್, ಒಂದು ಫೈಲ್ ಓದಿ ಮುಗಿಸಿ ಎಲ್ಲವನ್ನೂ ಒಟ್ಟಿಗೆ ಬಿಟ್ಟುಕೊಡುವ ಕೆಲಸಕ್ಕೆ ಸೊಗಸಾಗಿದೆ. ಇನ್ಸರ್ಟ್_ಕಾನ್‌ಸ್ಟ್ ಮೂಲಕ ಹಾಕಿದ ಪಠ್ಯಗಳಲ್ಲಿ ಮಾತ್ರ ಒಂದೇ ಪಠ್ಯಕ್ಕೆ ಎರಡನೆಯ ಪ್ರತಿ ಆಗುವುದಿಲ್ಲ ಎಂಬುದು ನೆನಪಿರಲಿ.

ನನ್ನ ಮೆಚ್ಚುಗೆ ಹೆಚ್ಚು ಸಲ್ಲುವುದು 2018ರ 2.58ನೇ ಆವೃತ್ತಿಯಲ್ಲಿ ಬಂದ ಜಿರೆಫ್‌ಸ್ಟ್ರಿಂಗ್‌ಗೆ. ಇದರ ನ್ಯೂ_ಇಂಟರ್ನ್ ಫಂಕ್ಷನ್ ಪಠ್ಯವನ್ನು ಹಂಚುವುದರ ಜೊತೆಗೆ ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಎಣಿಕೆಯನ್ನೂ ಇಟ್ಟುಕೊಳ್ಳುತ್ತದೆ. ಕೊನೆಯ ಬಳಕೆದಾರ ಬಿಟ್ಟೊಡನೆ ಕೋಷ್ಟಕದಿಂದ ಹೆಸರು ತಾನಾಗಿ ಅಳಿಯುತ್ತದೆ. ಹೊಸದಾಗಿ ಕೇಳಿದಾಗಲೆಲ್ಲ ಬೀಗ ಹಾಕಿ ಕೋಷ್ಟಕದಲ್ಲಿ ಹುಡುಕಬೇಕಾಗುವುದರಿಂದ, ಒಮ್ಮೆ ಪಡೆದ ಸ್ಟ್ರಿಂಗನ್ನು ಇನ್ನೊಂದು ಕಡೆಗೆ ಕೊಡುವಾಗ ಎಣಿಕೆಯನ್ನಷ್ಟೇ ಏರಿಸುವ ಅಕ್ವೈರ್ ಕರೆಯುವುದು ಲೇಸು. ಒಂದು ಕೊರತೆ ಗಂಭೀರವಾದದ್ದು: ಜಿರೆಫ್‌ಸ್ಟ್ರಿಂಗ್ ಎಂಬುದು ಕಂಪೈಲರ್‌ನ ಪಾಲಿಗೆ ಬರಿಯ ಕ್ಯಾರ್ (ಸಿ ಭಾಷೆಯ ಮಾಮೂಲು ಅಕ್ಷರದ ಬಗೆ) ಆಗಿರುವುದರಿಂದ, ಸಾಮಾನ್ಯ ಸ್ಟ್ರಿಂಗನ್ನು ಬಳಕೆ ಬಿಟ್ಟುಕೊಡುವ ರಿಲೀಸ್‌ಗೆ ಕೊಟ್ಟರೂ ಎಚ್ಚರಿಕೆಯ ಮಾತೇ ಬರುವುದಿಲ್ಲ, ಕೆಡುವುದು ಮೆಮೊರಿ. ಕಂಪೈಲರ್ ಭೇದ ಗುರುತಿಸುವಂತೆ ಇಂಥ ಸ್ಟ್ರಿಂಗ್‌ಗಳನ್ನು ಒಂದು ಸ್ಟ್ರಕ್ಟ್‌ನೊಳಗೆ ಇಟ್ಟು ಬಳಸುವುದು ಕ್ಷೇಮ.

ಕನ್ನಡದ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಈ ಮೂರೂ ದಾರಿಗಳು ಬೈಟ್‌ಗಳನ್ನು ನೋಡುತ್ತವೆಯೇ ಹೊರತು ಅಕ್ಷರವನ್ನಲ್ಲ. ಮದ್ದೂರು ತಾಲ್ಲೂಕಿನ ‘ಕೊಪ್ಪ’ವನ್ನು ತೆಗೆದುಕೊಳ್ಳಿ: ಅದರ ಒತ್ವವನ್ನು ಒಂದೇ ಸಂಕೇತವಾಗಿ ಬರೆದರೆ ಕೊನೆಯ ಸೊನ್ನೆ ಬಿಟ್ಟು 15 ಬೈಟ್, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಜೋಡಿಸಿ ಬರೆದರೆ 18 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಕೋಷ್ಟಕದಲ್ಲಿ ಬೇರೆ ಬೇರೆ ಪಾಯಿಂಟರ್, ಅಂದರೆ ರೈತರ ಲೆಕ್ಕದಲ್ಲಿ ಎರಡು ಊರು. ಜಿ_ಯುಟಿಎಫ್8_ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ರೂಪ (ಜೋಡಿಸಿ ಬರೆದ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ ರೂಪ) ಕೇಳಿದರೆ ಈ ಭೇದ ಅಳಿಯುತ್ತದೆ. ಪಠ್ಯ ಸರಿಯಾದ ಯುಟಿಎಫ್-8 ಅಲ್ಲದಿದ್ದರೆ ಅದು ನಲ್ (ಖಾಲಿ ಪಾಯಿಂಟರ್) ಕೊಡುತ್ತದೆ, ಅದನ್ನು ಪರೀಕ್ಷಿಸಲೇಬೇಕು. ‘ವಿ.ಸಿ. ಫಾರ್ಮ್’ ಎಂಬಂಥ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದೆ ಕುಳಿತಿರುವ ಶೂನ್ಯ ಅಗಲದ ಸಂಕೇತವನ್ನು ಮಾತ್ರ ನಾರ್ಮಲೈಸ್ ತೆಗೆಯುವುದಿಲ್ಲ. ಅದನ್ನು ನಾವೇ ಕತ್ತರಿಸಬೇಕು. ಪದದ ನಡುವೆ ಬಂದರೆ ಅದು ಅಕ್ಷರದ ರೂಪವನ್ನೇ ನಿರ್ಧರಿಸುವುದರಿಂದ ಅಲ್ಲಿ ಮುಟ್ಟುವಂತಿಲ್ಲ. ಇದೆಲ್ಲ ಮುಗಿದ ಮೇಲೆಯೇ ಹೆಸರು ಕೋಷ್ಟಕಕ್ಕೆ ಹೋಗಲಿ.