ಹುಲ್ಲಿಗೆ ಮದ್ದೋ, ಮೆಷಿನ್ನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹುಲ್ಲು ಕತ್ತರಿಸುವ ಮೆಷಿನ್ನಿಗೆ. ಕಳೆನಾಶಕದ ಒಂದು ಬಾಟಲಿ ಈಗಲೂ ನಮ್ಮ ಮನೆಯಲ್ಲುಂಟು. ಅರ್ಧ ಖಾಲಿಯಾದದ್ದು, ಹಿಂದಿನ ಚಾವಡಿಯ ಪೆಟ್ಟಿಗೆಯಲ್ಲಿ, ಬೀಗ ಹಾಕಿ ಇಟ್ಟದ್ದು. ಅದು ಅರ್ಧಕ್ಕೇ ನಿಂತದ್ದು ಒಂದು ತಂಬುಳಿಯಿಂದಾಗಿ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ಉಡುಪಿ ಹತ್ತಿರ, ಶಂಕರಪುರದ ಕಡೆ, 30 ಸೆಂಟ್ಸ್ ಜಾಗ. ಮನೆ, ಬಾವಿ, ಎಂಟು ತೆಂಗಿನ ಮರ, ಇಪ್ಪತ್ತೆರಡು ಮಲ್ಲಿಗೆ ಗಿಡ, ಎದುರಿಗೆ ಇಂಟರ್‌ಲಾಕ್ ಹಾಕಿದ ಅಂಗಳ. ಉಳಿದದ್ದೆಲ್ಲ ಹುಲ್ಲು. ಜೂನ್‌ನಲ್ಲಿ ಮಳೆ ಹಿಡಿದರೆ ಹದಿನೈದು ದಿನಕ್ಕೆ ಮೊಣಕಾಲು ಮುಟ್ಟುತ್ತದೆ. ಜುಲೈ-ಆಗಸ್ಟ್‌ನ ಆಟಿ ತಿಂಗಳಿಗೆ ಬಾವಿಯ ದಾರಿಯೇ ಕಾಣುವುದಿಲ್ಲ. ಹಾವಿನ ಹೆದರಿಕೆ ಬೇರೆ. ಹುಲ್ಲು ಹೆರೆಯಲು ಬರುತ್ತಿದ್ದ ಅಕ್ಕನಿಗೆ ಗಂಟು ನೋವು ಶುರುವಾಗಿ ಅವರು ಬರುವುದು ನಿಂತಿತು. ಅಲ್ಲಿಂದ ನನ್ನ ಪ್ರಯೋಗ ಶುರು.

ಮೊದಲು ವಿನೆಗರ್ ಮತ್ತು ಉಪ್ಪು. ಮೊಬೈಲ್‌ನಲ್ಲಿ ಯಾರೋ ತೋರಿಸಿದ್ದು, "ವಿಷ ಇಲ್ಲ" ಅಂತ. ಅಂಗಡಿಯ ವಿನೆಗರ್‌ನಲ್ಲಿ ಆಮ್ಲ ಇರುವುದೇ ನೂರಕ್ಕೆ ನಾಲ್ಕೈದು ಪಾಲು. ಎಲೆ ಸುಟ್ಟಿತು, ಬೇರು ನಕ್ಕಿತು. ಹನ್ನೆರಡನೇ ದಿನ ಗರಿಕೆ ಮೊದಲಿಗಿಂತ ಚಂದ ಬಂತು. ಉಪ್ಪಂತೂ ನೀರಿನ ಜೊತೆ ಹರಿದು ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಕೈಯಲ್ಲಿಲ್ಲ. ತೆಂಗಿನ ಬುಡಕ್ಕೆ ಉಪ್ಪು ಹಾಕುವ ಊರು ನಮ್ಮದು, ತೆಂಗು ತಡೆದುಕೊಳ್ಳುತ್ತದೆ. ಮಲ್ಲಿಗೆ ತಡೆಯಬೇಕಲ್ಲ. ಅಲ್ಲಿಗೆ ಬಿಟ್ಟೆ.

ಮರುವರ್ಷ ನಾಚಿಕೆ ಮುಳ್ಳಿಗೆಂದು 2,4-ಡಿ ಎಂಬ ಕಳೆನಾಶಕ ತಂದೆ. ಅಗಲ ಎಲೆಯ ಗಿಡ ಸಾಯುತ್ತದೆ, ಹುಲ್ಲು ಉಳಿಯುತ್ತದೆ. ನನಗೆ ಸಾಯಬೇಕಾದದ್ದು ಎರಡೂ. ಅದರ ಮೇಲೆ ಗಾಳಿಗೆ ಹಾರಿದ ಹನಿ ಪಕ್ಕದ ಮನೆಯ ಪಪ್ಪಾಯಿಗೆ ತಾಗಿ ಎಲೆಗಳೆಲ್ಲ ಹಗ್ಗದ ಹಾಗೆ ಸುರುಟಿಕೊಂಡವು. ಅವರು ಏನೂ ಹೇಳಲಿಲ್ಲ. ಆ ವರ್ಷ ಹಣ್ಣೂ ಕೊಡಲಿಲ್ಲ.

ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ನಮ್ಮ ಜಾಗಕ್ಕೆ ಬರಲಿಲ್ಲ, ಕಾರ್ಕಳದ ಭಾವನ ಅಡಿಕೆ ತೋಟದಲ್ಲಿ ನೋಡಿದ್ದು. ಕೆಲಸದ ವೇಗ ನೋಡಿದರೆ ಯಾರಿಗೂ ಆಸೆಯಾಗಬೇಕು. ಬಿಸಿಲಿದ್ದ ದಿನ ಬೆಳಿಗ್ಗೆ ಹೊಡೆದರೆ ಸಂಜೆಗೇ ಹುಲ್ಲು ಬಾಡಿ ಮಲಗಿರುತ್ತದೆ. ತಾಗಿದ ಎಲೆಯನ್ನು ಮಾತ್ರ ಸುಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಹಾಗಾಗಿ ತಿಂಗಳಿಗೆ ಮತ್ತೆ ಹಸಿರು. ಆದರೆ ನಾನು ಬೇಡ ಅಂದದ್ದು ಅದಕ್ಕಲ್ಲ. ಇದು ಹೊಟ್ಟೆಗೆ ಹೋದರೆ ಪ್ರತಿವಿಷ ಇಲ್ಲ. ಒಂದು ಗುಟುಕೂ ಜೀವ ತೆಗೆಯಬಹುದು. ಯುರೋಪಿನವರು 2007ರಲ್ಲೇ ನಿಲ್ಲಿಸಿದ್ದಾರೆ. ಭಾವ ಅದನ್ನು ಇಟ್ಟದ್ದೆಲ್ಲಿ ಗೊತ್ತಾ? ಅಟ್ಟದಲ್ಲಿ, ನೀರಿನ ಬಾಟಲಿಗೆ ಸುರಿದು! ಅಕ್ಕನಿಗೆ ಹೇಳಿ ಅವತ್ತೇ ಅಲ್ಲಿಂದ ತೆಗೆಸಿ ಬಂದೆ. ಯಾವ ಮದ್ದೇ ಇರಲಿ, ಬಂದ ಡಬ್ಬಿಯಲ್ಲೇ, ಲೇಬಲ್ ಸಮೇತ ಇರಬೇಕು. ಆಸ್ಪತ್ರೆಗೆ ಓಡುವ ಹೊತ್ತು ಬಂದರೆ ಡಾಕ್ಟರು ಮೊದಲು ಕೇಳುವುದು ಅದನ್ನೇ.

ಇನ್ನು ಗ್ಲೈಫೋಸೇಟ್. ಬೀಗ ಹಾಕಿಟ್ಟ ಆ ಬಾಟಲಿ ಇದರದ್ದೇ. 2021ರಲ್ಲಿ ಒಂದು ಲೀಟರ್ ತಂದೆ. ಸುಳ್ಳು ಯಾಕೆ, ಹುಲ್ಲು ಸಾಯಿಸುವುದರಲ್ಲಿ ಇದರ ಮುಂದೆ ಉಳಿದ ಯಾವುದೂ ಇಲ್ಲ. ಎಲೆಯಿಂದ ಬೇರಿಗೆ ಇಳಿಯುತ್ತದೆ, ಗರಿಕೆಯನ್ನೂ ಬಿಡುವುದಿಲ್ಲ. ಲೀಟರ್ ನೀರಿಗೆ 8ರಿಂದ 10 ಮಿ.ಲೀ. ಸಾಕು. "ಇನ್ನೊಂದು ಮುಚ್ಚಳ ಇರಲಿ" ಅಂತ ಜಾಸ್ತಿ ಹಾಕಿದರೆ ಎಲೆ ಬೇಗ ಸುಟ್ಟು ಮದ್ದು ಬೇರಿಗೆ ಇಳಿಯುವುದೇ ಕಷ್ಟ.

ಮೊದಲ ಸಲ ಕೆಲಸವೇ ಮಾಡಲಿಲ್ಲ. ಅಂಗಡಿಯವರು ನಕಲಿ ಕೊಟ್ಟರು ಅಂತ ಬೈದುಕೊಂಡೆ. ತಪ್ಪು ನನ್ನದು. ಗದ್ದೆ ಬದಿಯ ತೋಡಿನ ಕೆಂಪು ನೀರಿನಲ್ಲಿ ಕಲಸಿದ್ದೆ. ಮಣ್ಣಿನ ಕಣ ಈ ಮದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಎರಡನೇ ಸಲ ಬಾವಿಯ ತಿಳಿ ನೀರು ತೆಗೆದುಕೊಂಡೆ, ಕಲಸಿದ್ದು ಬಾವಿಯಿಂದ ದೂರ ಹೋಗಿ. ಹೊಡೆದು ಎರಡು ಗಂಟೆಗೆ ಮಳೆ. ಲೇಬಲ್ ಪ್ರಕಾರ ಆರು ಗಂಟೆ ಒಣ ಹವೆ ಬೇಕು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುವ ಊರಲ್ಲಿ, ಹುಲ್ಲು ಏಳುವ ಜುಲೈಯಲ್ಲೇ, ಆರು ಗಂಟೆಯ ಒಣ ಹವೆಯನ್ನು ಎಲ್ಲಿಂದ ತರುವುದು?

ಮೂರನೇ ಸಲ ಎಲ್ಲ ಸರಿಯಾಯಿತು. ಸೋಮವಾರ, ಬೆಳಿಗ್ಗೆ ಏಳು ಗಂಟೆ, ಕಡಲ ಗಾಳಿ ಏಳುವ ಮೊದಲು. ಉದ್ದ ತೋಳಿನ ಅಂಗಿ, ಗಂಬೂಟು, ರಬ್ಬರ್ ಗ್ಲೌಸ್, ಕನ್ನಡಕ. ಹನಿ ಮಲ್ಲಿಗೆಗೆ ಹಾರಬಾರದು ಅಂತ ಎರಡು ಲೀಟರ್ ಜ್ಯೂಸ್ ಬಾಟಲಿಯ ಬುಡ ಕತ್ತರಿಸಿ ಪಂಪಿನ ನಾಸಲ್‌ಗೆ ಗಂಟೆಯ ಹಾಗೆ ಸಿಕ್ಕಿಸಿದ್ದೆ. ಪಂಪು ಕೂಡ ಬೇರೆಯೇ, ಮೇಲೆ ಕೆಂಪು ಪೇಂಟಿನಲ್ಲಿ "ಹುಲ್ಲು" ಅಂತ ಬರೆದದ್ದು. ಕಳೆ ಮದ್ದಿನ ಪಂಪಿನಲ್ಲೇ ಮಲ್ಲಿಗೆಗೋ ಅಡಿಕೆಗೋ ಬೇರೆ ಮದ್ದು ಹೊಡೆದು ಕೆಟ್ಟವರನ್ನು ನೋಡಿದ್ದೇನೆ. ಇಷ್ಟೆಲ್ಲ ಜಾಗ್ರತೆ ಮಾಡಿದೆ. ಅತ್ತೆಗೆ ಹೇಳುವುದನ್ನು ಮಾತ್ರ ಮರೆತೆ.

ಗುರುವಾರ ಮಧ್ಯಾಹ್ನ ಊಟಕ್ಕೆ ಕೂತರೆ ತಿಮರೆ ತಂಬುಳಿ. ಒಂದೆಲಗಕ್ಕೆ ನಮ್ಮ ಕಡೆ ತಿಮರೆ ಅಂತಲೇ ಹೇಳುವುದು. ಬಾವಿಕಟ್ಟೆಯ ಆಚೆ ತಂಪಿನಲ್ಲಿ ಹಾಸಿಕೊಂಡು ಬೆಳೆಯುತ್ತದೆ. ಎಲ್ಲಿಂದ ಕೊಯ್ದಿರಿ ಅಂತ ಕೇಳಿದೆ. "ಅಲ್ಲೇ, ಯಾವಾಗಲೂ ಕೊಯ್ಯುವಲ್ಲಿ. ಒಳ್ಳೆ ಚಿಗುರು ಬಂದಿದೆ ಮಾರಾಯ್ತಿ" ಅಂದರು. ಸೋಮವಾರ ನಾನು ಹೊಡೆದದ್ದು ಅದೇ ಜಾಗಕ್ಕೆ.

ಗ್ಲೈಫೋಸೇಟಿನ ನಿಜವಾದ ತಕರಾರು ನನಗೆ ಇದೇ. ಪ್ಯಾರಾಕ್ವಾಟ್ ಹೊಡೆದರೆ ಸಂಜೆಯೊಳಗೆ ಗಿಡವೇ ಹೇಳುತ್ತದೆ. ಇದು ಹಾಗಲ್ಲ, ಎಲೆ ಹಳದಿಯಾಗಲು ವಾರ, ಹತ್ತು ದಿನ. ಮೋಡದ ದಿನಗಳಲ್ಲಿ ಇನ್ನೂ ನಿಧಾನ. ಅಷ್ಟು ದಿನ ಗಿಡ ಹಸಿರಾಗಿ, ಏನೂ ಆಗದವರ ಹಾಗೆ ನಿಂತಿರುತ್ತದೆ. ಹೊಲದ ನಡುವೆ ಅದು ದೊಡ್ಡ ವಿಷಯವಲ್ಲ. ನಮ್ಮ ಹಿತ್ತಿಲು ಹಾಗಲ್ಲವಲ್ಲ. ಕಳೆಯ ನಡುವೆಯೇ ತಿಮರೆ ಉಂಟು, ಆಟಿಯಲ್ಲಿ ತಜಂಕ್ ಸೊಪ್ಪು ಉಂಟು, ಪತ್ರೊಡೆಗೆ ಕೆಸುವಿನ ಎಲೆ ಉಂಟು. ಹಿಂದಿನ ಮನೆಯವರು ಹಟ್ಟಿಯ ದನಕ್ಕೆ ನಮ್ಮ ಗಡಿಯ ಹುಲ್ಲನ್ನೇ ಹೆರೆದುಕೊಂಡು ಹೋಗುವುದು. ಇಲ್ಲಿ ಯಾವುದು ಕಳೆ, ಯಾವುದು ಪಲ್ಯ ಅಂತ ಪಂಪಿಗೆ ಹೇಗೆ ಗೊತ್ತಾಗಬೇಕು?

ತಂಬುಳಿಯನ್ನು ಚೆಲ್ಲಿದೆವು. ಅತ್ತೆ ಉಪ್ಪು ನೋಡಲು ಒಂದು ಚಮಚ ಬಾಯಿಗೆ ಹಾಕಿಕೊಂಡಿದ್ದರು. ಏನೂ ಆಗಲಿಲ್ಲ, ಆದರೆ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ, ಅದೇ ಕಷ್ಟವಾದದ್ದು. ಅವರ ತವರು ಬೆಳ್ತಂಗಡಿ ತಾಲೂಕು, ಕೊಕ್ಕಡದ ಆಸುಪಾಸು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿದ ಊರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಅದು ಕೀಟನಾಶಕ, ಇದು ಬೇರೆಯೇ ಮದ್ದು ಅಂತ ವಿವರಿಸಲು ಹೊರಟೆ. ಅರ್ಧದಲ್ಲಿ ನನಗೇ ನಾಚಿಕೆಯಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಗ್ಲೈಫೋಸೇಟನ್ನು ಕ್ಯಾನ್ಸರ್ ತರುವ ಸಂಭವ ಇರುವವುಗಳ ಪಟ್ಟಿಗೆ ಹಾಕಿತು. ಹೇಳಿದ ಹಾಗೆ ಬಳಸಿದರೆ ಅಷ್ಟು ಅಪಾಯ ಇಲ್ಲ ಎನ್ನುತ್ತದೆ ಅಮೆರಿಕದ ಪರಿಸರ ಇಲಾಖೆ. ಇವರಲ್ಲಿ ತೀರ್ಪು ಕೊಡುವಷ್ಟು ಓದು ನನ್ನದಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಹೊಡೆಯಬೇಕು ಎಂದು ಆದೇಶವನ್ನೂ ಹೊರಡಿಸಿತು. ನನ್ನ ಬಾಟಲಿಗೆ ಬೀಗ ಬಿದ್ದದ್ದು ಅದಕ್ಕೂ ಮೊದಲೇ.

ಈಗ ಮೆಷಿನ್. ನಾಲ್ಕು ಸ್ಟ್ರೋಕಿನದು, ಬರೀ ಪೆಟ್ರೋಲ್ ಸಾಕು, ಆಯಿಲ್ ಬೆರೆಸುವ ಗೋಜಿಲ್ಲ. 14 ಸಾವಿರ ಕೊಟ್ಟೆ. ಬಾಡಿಗೆಗೆ ಬರುವವರಿಗೆ ಗಂಟೆಗೆ 500 ಕೊಡುತ್ತಿದ್ದೆ, ನಾಲ್ಕೈದು ಮಳೆಗಾಲಕ್ಕೆ ದುಡ್ಡು ಹುಟ್ಟುವ ಲೆಕ್ಕ. ಭಾರ ಉಂಟು, ಅರ್ಧ ಗಂಟೆಗೆ ಭುಜ ಹಿಡಿಯುತ್ತದೆ. ಮುರಕಲ್ಲಿನ ಕಟ್ಟೆಗೆ ತಾಗಿದರೆ ನೈಲಾನ್ ದಾರ ತುಂಡಾಗುತ್ತದೆ. ಕಲ್ಲು ಹಾರಿ ಒಮ್ಮೆ ಕಿಟಕಿಯ ಗಾಜು ಹೋಯಿತು, ಅಂದಿನಿಂದ ಕನ್ನಡಕ ಹಾಕದೆ ಸ್ಟಾರ್ಟ್ ಮಾಡುವುದಿಲ್ಲ. ಹೆಂಗಸು ಮೆಷಿನ್ ಹಿಡಿದದ್ದನ್ನು ನೋಡಲು ರಸ್ತೆಯಲ್ಲಿ ಸ್ಕೂಟರ್ ನಿಲ್ಲುತ್ತಿತ್ತು, ಈಗ ಅದೂ ಕಮ್ಮಿ.

ಹುಲ್ಲು ಸಾಯುವುದಿಲ್ಲ, ನಿಜ. ಜೂನ್ ಕೊನೆಗೆ ಒಮ್ಮೆ, ಅಷ್ಟಮಿಗೆ ಮೊದಲು ಒಮ್ಮೆ, ದೀಪಾವಳಿಗೆ ಮೊದಲು ಒಮ್ಮೆ. ಒಟ್ಟು ಆರೇಳು ಗಂಟೆ ಕೆಲಸ. ಕತ್ತರಿಸಿದ್ದೆಲ್ಲ ತೆಂಗಿನ ಬುಡಕ್ಕೆ. ಇಂಟರ್‌ಲಾಕ್ ಸಂದಿಗೆ ಮೆಷಿನ್ ಆಗುವುದಿಲ್ಲ, ಅಲ್ಲಿಗೆ ಬಚ್ಚಲಿನ ಹಂಡೆಯ ಕುದಿಯುವ ನೀರು, ಹದಿನೈದು ದಿನಕ್ಕೊಮ್ಮೆ. ಎಕರೆಗಟ್ಟಲೆ ಅಡಿಕೆ ತೋಟ ಇರುವವರಿಗೆ ಈ ಲೆಕ್ಕ ಹೊಂದಲಿಕ್ಕಿಲ್ಲ. 30 ಸೆಂಟ್ಸಿಗೆ ಹೊಂದುತ್ತದೆ.

ಅತ್ತೆ ಈಗ ತಿಮರೆಯನ್ನು ಒಡೆದ ಬಕೆಟಿನಲ್ಲಿ ನೆಟ್ಟಿದ್ದಾರೆ. ಬಕೆಟ್ ಇರುವುದು ಬಾವಿಕಟ್ಟೆಯ ಮೇಲೆ, ನನ್ನ ಮೆಷಿನ್ ಮುಟ್ಟದ ಎತ್ತರದಲ್ಲಿ. ಆದರೂ ಕೊಯ್ಯುವ ಮೊದಲು ಒಳಗೆ ಇಣುಕಿ, "ಎಂತದೂ ಹೊಡೆಯಲಿಲ್ಲ ಅಲ್ವಾ?" ಅಂತ ಕೇಳಿಯೇ ಕೇಳುತ್ತಾರೆ.