ಬಾತ್‌ರೂಮಿಗೆ ನಾನೇ ಹೊಡೆದ ಸೆಮಿ-ಗ್ಲಾಸಿ ಪೇಂಟ್: ಮೊದಲ ಅನುಭವ

ನಾನು ತಂದಿದ್ದು ಬೂಷ್ಟು ತಡೆಯುವ ಅಕ್ರಿಲಿಕ್ ಪೇಂಟ್, ಸೆಮಿ-ಗ್ಲಾಸಿ, ಅಂದರೆ ಅರೆ ಹೊಳಪಿನದು. ಮೊದಲ ಸಲ ಬ್ರಷ್ ಹಿಡಿಯುವವರಿಗೂ ಇದು ಒಗ್ಗುತ್ತದೆ. ವಾಸನೆ ಕಡಿಮೆ, ಬ್ರಷ್ ತೊಳೆಯೋಕೆ ಬರೀ ನೀರು ಸಾಕು, ಹೊಳಪಿಲ್ಲದ ಮ್ಯಾಟ್ ಪೇಂಟಿಗಿಂತ ಇದರ ಮೇಲೆ ನೀರಿನ ಹನಿ ಸಲೀಸಾಗಿ ಜಾರುತ್ತದೆ.

ಆದರೆ ಡಬ್ಬಿ ತೆರೆಯೋ ಮೊದಲಿನ ಕೆಲಸವೇ ಜಾಸ್ತಿ. ಸೀಲಿಂಗ್ ಮೂಲೆಯ ಕಪ್ಪು ಬೂಷ್ಟನ್ನು ನೀರು ಬೆರೆಸಿದ ಬ್ಲೀಚ್ ಹಾಕಿ ಉಜ್ಜಿದೆ (ಬ್ಲೀಚ್ ಜೊತೆ ಆಸಿಡ್ ಕ್ಲೀನರ್ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ), ಚೆನ್ನಾಗಿ ತೊಳೆದು ಪೂರ್ತಿ ಒಣಗಲು ಬಿಟ್ಟೆ, ಎದ್ದ ಹಳೇ ಬಣ್ಣವನ್ನೆಲ್ಲ ಕೆರೆದು ಉಪ್ಪು ಕಾಗದ ತಿಕ್ಕಿದೆ, ಆಮೇಲೆ ಪ್ರೈಮರ್ (ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಹೊಡೆಯುವ ಪದರ). ಇಷ್ಟಕ್ಕೇ ಎರಡು ದಿನ ಹೋಯಿತು. ಕಮೋಡ್ ಹಿಂದಿನ ಸಂದಿಯಲ್ಲಿ ಮಾತ್ರ ಅವಸರ ಮಾಡಿ ಸೋಪಿನ ಜಿಡ್ಡು ಬಿಟ್ಟಿದ್ದೆ, ಅಲ್ಲಿ ಈಗ ಬಣ್ಣ ಉಗುರಿಗೇ ಸಿಪ್ಪೆಯ ಹಾಗೆ ಏಳುತ್ತಿದೆ. ಅದು ಪೇಂಟಿನ ತಪ್ಪಲ್ಲ.

ಮೊದಲ ಕೋಟ್ ಪಟ್ಟೆ ಪಟ್ಟೆಯಾಗಿ ಕಂಡಾಗ ಎದೆ ಧಸಕ್ಕೆಂದಿತು. ಹೆದರಬೇಡಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಎರಡನೇ ಕೋಟ್ ಹೊಡೆದರೆ ಗೋಡೆ ಒಂದೇ ಸಮ ಆಗುತ್ತದೆ. ಪಕ್ಕಕ್ಕೆ ಬಣ್ಣ ತಾಗದಂತೆ ಅಂಚಿಗೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಕೊನೆ ಕೋಟ್ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಓರೆಯಾಗಿ ಎಳೆಯಿರಿ, ಅಂಚು ಗೀಟು ಎಳೆದಂತೆ ಬರುತ್ತದೆ.

ಕೊರತೆ ಒಂದಿದೆ. ಈ ಹೊಳಪು ಏನನ್ನೂ ಮುಚ್ಚಿಡುವುದಿಲ್ಲ. ಗೋಡೆಯ ತೂತು-ಬಿರುಕು ತುಂಬುವ ಪುಟ್ಟಿಯನ್ನು ಸರಿಯಾಗಿ ತಿಕ್ಕದ ಜಾಗ ಲೈಟ್ ಹಾಕಿದ ಕೂಡಲೇ ಕಾಣುತ್ತದೆ. ಮತ್ತೆ, ಒಂದು ದಿನವಾದರೂ ಅಲ್ಲಿ ಬಿಸಿನೀರು ಸ್ನಾನ ಬೇಡ, ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು, ಅಲ್ಲಿವರೆಗೂ ಗೋಡೆ ಉಜ್ಜಬೇಡಿ.

ಐದಕ್ಕೆ ನಾಲ್ಕು ಸ್ಟಾರ್. ಮುಂದಿನ ಸಲವೂ ಇದನ್ನೇ ತರುತ್ತೇನೆ.